ಹಿರಿಯ ಸ್ಟ್ರೈಕರ್‌ನ ಬಲಮಂಡಿ

ನಮ್ಮ ಕ್ಲಬ್ಬಿನ ಕಾರ್ಯದರ್ಶಿ ನನ್ನ ಕ್ಲಿನಿಕ್ಕಿಗೆ ಬರುವುದು ಎರಡೇ ಕಾರಣಕ್ಕೆ. ಒಂದೋ ಅವರ ಕುತ್ತಿಗೆ ಹಿಡಿದುಕೊಂಡಿರಬೇಕು, ಇಲ್ಲವೇ ಕ್ಲಬ್ಬಿಗೆ ಏನೋ ಅವಸರ ಬಿದ್ದಿರಬೇಕು. ಆ ಸೋಮವಾರ ಅವರು ಕುತ್ತಿಗೆಯನ್ನು ಅತ್ತಿತ್ತ ಸಲೀಸಾಗಿ ತಿರುಗಿಸುತ್ತ ಒಳಗೆ ಬಂದದ್ದು ನೋಡಿ, ಇದು ಎರಡನೆಯದೇ ಅಂದುಕೊಂಡೆ. ಅವರ ಹಿಂದೆ ಎತ್ತರದ ಒಬ್ಬರು ನಿಂತಿದ್ದರು. ಕಿವಿಯ ಮೇಲೆ ನರೆ, ಮುಖದಲ್ಲಿ ಸಿದ್ಧವಾಗಿಟ್ಟುಕೊಂಡ ನಗು. ನನಗೆ ಮೊದಲು ಕಂಡದ್ದು ಅದಲ್ಲ. ಹೊಸ್ತಿಲು ದಾಟುವಾಗ ಅವರು ಬಲಗಾಲನ್ನು ಮಡಚದೆ, ಪಕ್ಕದಿಂದ ಬಳಸಿ ತಂದು ಒಳಗಿಟ್ಟರು. ಫುಟ್‌ಬಾಲ್ ನನಗೆ ಅಷ್ಟಾಗಿ ಗೊತ್ತಿಲ್ಲ. ಕಾಲು ಗೊತ್ತು.

ದೊಡ್ಡಬಳ್ಳಾಪುರದಲ್ಲಿ ನನ್ನದು ಫಿಸಿಯೊಥೆರಪಿ ಕ್ಲಿನಿಕ್ಕು. ಬರುವವರು ಹೆಚ್ಚಿನವರು ಮಗ್ಗದವರು, ಗಾರ್ಮೆಂಟ್ಸ್ ಹೆಂಗಸರು. ಭುಜ, ಸೊಂಟ, ಮಣಿಕಟ್ಟು. ಊರಿನ ಫುಟ್‌ಬಾಲ್ ಕ್ಲಬ್ಬಿಗೆ ವಾರಕ್ಕೆರಡು ಸಲ ಹೋಗಿ ಹುಡುಗರ ಕಾಲಿಗೆ ಪಟ್ಟಿ ಸುತ್ತಿ ಬರುತ್ತಿದ್ದೆ. ಕ್ಲಬ್ಬು ಬೆಂಗಳೂರು ಲೀಗಿನ ಕೆಳಗಿನ ಡಿವಿಷನ್ನಿನಲ್ಲಿತ್ತು. ಎರಡು ಪಂದ್ಯ ಬಾಕಿ ಇದ್ದವು, ಗೋಲು ಹೊಡೆಯುವವರಿರಲಿಲ್ಲ, ಹೀಗೇ ಬಿಟ್ಟರೆ ಇನ್ನೂ ಕೆಳಗೆ ಜಾರುವುದು ಖಾತ್ರಿ. ಹೊಸ ಆಟಗಾರನ ಹೆಸರು ನೋಂದಾಯಿಸಲು ಆ ಶನಿವಾರ ಸಂಜೆ ಕೊನೆ. ಕಾರ್ಯದರ್ಶಿ ಕರೆತಂದಿದ್ದ ಮನುಷ್ಯ ಒಂದು ಕಾಲದಲ್ಲಿ ಕೋಲ್ಕತ್ತಾ, ಗೋವಾದ ದೊಡ್ಡ ಕ್ಲಬ್ಬುಗಳಿಗೆ ಆಡಿದ ಸ್ಟ್ರೈಕರ್. ಈಗ ವಯಸ್ಸು ಮೂವತ್ತೆಂಟು. ನೆಲಮಂಗಲದ ಹತ್ತಿರ ಅರಿಶಿನಕುಂಟೆಯಲ್ಲಿ ರೂಮು, ಹೆದ್ದಾರಿ ಪಕ್ಕದ ಗೋದಾಮಿನಲ್ಲಿ ನಿಂತು ಮಾಡುವ ಕೆಲಸ. ಆ ವರ್ಷ ಮೂರು ಕ್ಲಬ್ಬುಗಳು ಅವರನ್ನು ನೋಡಿ ಬೇಡ ಅಂದಿದ್ದವು. ಇದನ್ನು ಅವರೇ ನಗುತ್ತ ಹೇಳಿದರು.

ಕಾರ್ಯದರ್ಶಿಗೆ ಅವರು ಬೇಕೇ ಬೇಕು. ಕೋಚ್‌ಗೆ ಸುತರಾಂ ಬೇಡ. ಇಬ್ಬರೂ ಎರಡು ದಿನ ಜಗಳವಾಡಿ, ಕೊನೆಗೆ ಒಪ್ಪಿದ್ದು ಒಂದೇ ಮಾತಿಗೆ: ಫಿಸಿಯೊ ಮೇಡಂ ಏನು ಹೇಳುತ್ತಾರೋ ಅದು. ನನಗೆ ರೇಗಿತು. ತಮ್ಮ ಕೈಲಿ ಆಗದ್ದನ್ನು ತಂದು ನನ್ನ ತಲೆಗೆ ಕಟ್ಟುವುದು ಯಾವ ನ್ಯಾಯ? ಆದರೂ ಮೇಜಿನ ಮೇಲೆ ಮಲಗಿ ಅಂದೆ.

ಬಲತೊಡೆ ಎಡತೊಡೆಗಿಂತ ಕಣ್ಣಿಗೆ ಕಾಣುವಷ್ಟು ಸಣ್ಣದಾಗಿತ್ತು. ಮಂಡಿಯ ಎರಡೂ ಪಕ್ಕ ಹಳೆಯ ಆಪರೇಷನ್ನಿನ ಗುರುತು. ಚಿಪ್ಪಿನ ಮೇಲೆ ಅಂಗೈ ಇಟ್ಟು ಮಡಚಿಸಿದರೆ ಒಳಗೆ ಮರಳು ಅರೆದ ಹಾಗೆ ಸದ್ದು. ಹಿಮ್ಮಡಿ ಪೃಷ್ಠಕ್ಕೆ ಮುಟ್ಟುವುದಿರಲಿ, ಅರ್ಧದಾರಿಗೇ ನಿಂತುಬಿಟ್ಟಿತು. ಎಲುಬುಗಳನ್ನು ಹಿಡಿದಿಡುವ ಕಟ್ಟುಗಳನ್ನು ಎಳೆದು ನೋಡಿದೆ. ಅವು ಗಟ್ಟಿಯಾಗಿದ್ದವು, ಅದೊಂದು ಸಮಾಧಾನ. ಒಂಟಿಕಾಲಲ್ಲಿ ಕುರ್ಚಿಯಿಂದ ಎದ್ದು ನಿಲ್ಲಿ ಅಂದೆ. ನಿಂತರು. ನಿಲ್ಲುವಾಗ ತುಟಿಯ ಅಂಚು ಬೆಳ್ಳಗಾಯಿತು. ನೋವಿದೆಯಾ ಎಂದು ಕೇಳಿದೆ.

"ಏನೂ ಇಲ್ಲ ಮೇಡಂ. ಸೂಪರ್."

ಎಕ್ಸ್‌ರೇ ಕೋಲ್ಕತ್ತಾದಲ್ಲಿ ಉಳಿದುಬಿಟ್ಟಿದೆಯಂತೆ. ನನಗೆ ಅದು ಬೇಕೂ ಇರಲಿಲ್ಲ. ಮಂಡಿಯೊಳಗಿನ ಮೆತ್ತೆ ಬಹುಪಾಲು ಸವೆದುಹೋಗಿತ್ತು. ಉಳಿದಿರುವ ಚೂರೂ ಹೋದರೆ ಎಲುಬಿಗೆ ಎಲುಬು ಉಜ್ಜುತ್ತದೆ. ಆಮೇಲೆ ಗೋದಾಮಿನಲ್ಲಿ ನಿಲ್ಲುವುದೂ ಕಷ್ಟ, ಮೆಟ್ಟಿಲು ಇಳಿಯುವುದೂ ಕಷ್ಟ. ಮಂಡಿ ಬದಲಿಸಿ ಎಂದರೆ ಈ ವಯಸ್ಸಿಗೆ ಯಾವ ಡಾಕ್ಟರೂ ಮುಂದೆ ಬರುವುದಿಲ್ಲ. ಕಾರ್ಯದರ್ಶಿ ಕೇಳುತ್ತಿದ್ದದ್ದು ಗೋಲಿನ ಮಾತು. ನನಗೆ ಕಂಡದ್ದು ಈ ಮನುಷ್ಯ ಇನ್ನು ಮುಂದೆ ನೆಟ್ಟಗೆ ನಡೆಯುತ್ತಾನೋ ಇಲ್ಲವೋ ಎನ್ನುವುದು.

ಆಗಲೇ ಬೇಡ ಅಂದುಬಿಡಬಹುದಿತ್ತು. ಆದರೆ ಮೇಜಿನ ಮೇಲೆ ಕೆಟ್ಟದಾಗಿ ಕಾಣುವ ಮಂಡಿ ಮೈದಾನದಲ್ಲಿ ಚೆನ್ನಾಗಿ ನಡೆದುಕೊಳ್ಳುವುದನ್ನೂ ನಾನು ಕಂಡಿದ್ದೇನೆ. ಮಂಡಿಯನ್ನು ಕೇಳುವ ಸರಿಯಾದ ಕ್ರಮವೆಂದರೆ ಅದಕ್ಕೆ ಕೆಲಸ ಕೊಟ್ಟು, ಮರುದಿನ ಟೇಪು ಸುತ್ತಿ ಎಷ್ಟು ಊದಿದೆ ಎಂದು ನೋಡುವುದು. ಮಂಗಳವಾರ ಸಂಜೆ ಹುಡುಗರ ಜೊತೆ ಒಂದು ಪೂರ್ತಿ ಆಟ ಆಡಲಿ, ಬುಧವಾರ ಬೆಳಿಗ್ಗೆ ಅಳೆಯುತ್ತೇನೆ, ನಡುವೆ ಐಸು ಕೂಡದು, ಮಾತ್ರೆ ಕೂಡದು ಎಂದೆ. ಅವರು ಎರಡಕ್ಕೂ ತಲೆಯಾಡಿಸಿದರು.

ನಮ್ಮ ಮೈದಾನ ತೂಬಗೆರೆ ರಸ್ತೆಯಲ್ಲಿ ಒಂದು ಬತ್ತಿದ ಕೆರೆಯ ಅಂಗಳ. ಕೆಂಪು ಮಣ್ಣು, ಗಟ್ಟಿ ನೆಲ, ಒಂದು ಪಕ್ಕಕ್ಕೆ ಉದ್ದಕ್ಕೂ ಏರಿ. ಮಂಗಳವಾರ ಅಲ್ಲಿ ನಾನು ನೋಡಿದ್ದೇ ಒಂದು ವಿಚಿತ್ರ. ಆ ಮನುಷ್ಯ ಓಡಲೇ ಇಲ್ಲ. ನಮ್ಮ ಹುಡುಗರು ಧೂಳೆಬ್ಬಿಸಿಕೊಂಡು ಚೆಂಡಿನ ಹಿಂದೆ ಬೀಳುತ್ತಿದ್ದರೆ ಇವರು ಸಂತೆಗೆ ಬಂದವರ ಹಾಗೆ ಅಲ್ಲಿ ನಾಲ್ಕು ಹೆಜ್ಜೆ, ಇಲ್ಲಿ ನಾಲ್ಕು ಹೆಜ್ಜೆ. ಆದರೆ ಚೆಂಡು ಮಾತ್ರ ಅವರು ನಿಂತ ಕಡೆಗೇ ಬರುತ್ತಿತ್ತು. ಒಂದು ಗೋಲು ಎಡಗಾಲಿನಿಂದ ತಳ್ಳಿದರು, ಇನ್ನೊಂದು ತಲೆಯಿಂದ. ಕೋಚ್ ಪಕ್ಕದಲ್ಲಿ ಕೈಕಟ್ಟಿಕೊಂಡು ನಿಂತಿದ್ದರು. ಓಡದೆ ಆಡುವುದೂ ಒಂದು ಆಟವೇ ಎಂದು ನನ್ನನ್ನೇ ಕೇಳಿದರು. ಸ್ವಲ್ಪ ಹೊತ್ತಿನ ಮೇಲೆ, ಆಟವೇ ಇರಬೇಕು ಎಂದು ತಾವೇ ಗೊಣಗಿದರು. ಅವರಿಗೂ ತಲೆ ಕೆಟ್ಟಿತ್ತು ಎಂದು ನನಗೆ ಒಳಗೊಳಗೇ ಖುಷಿಯಾಯಿತು.

ಬುಧವಾರ ಬೆಳಿಗ್ಗೆ ಟೇಪು ಸುತ್ತಿದೆ. ಊತವೇ ಇಲ್ಲ. ಚಿಪ್ಪಿನ ಮೇಲೆ, ನಡುವೆ, ಕೆಳಗೆ, ಮೂರೂ ಕಡೆ ಸೋಮವಾರ ಅಳೆದಾಗ ಇದ್ದಷ್ಟೇ ಇತ್ತು. ನಂಬಲಾಗದೆ ಮತ್ತೆ ಬಗ್ಗಿ ಅಳೆದೆ. ಆಗ ಮೂಗಿಗೆ ಬಡಿಯಿತು. ಮಂಡಿಯಿಂದ ಮೀನಿನ ವಾಸನೆ ಬರುತ್ತಿತ್ತು. ಚೆನ್ನಾಗಿ ಸೋಪು ಹಚ್ಚಿ ತೊಳೆದಿದ್ದರು, ಆದರೂ ಬಂಗಡೆ ಬಂಗಡೆಯೇ. ಚರ್ಮ ಮುಟ್ಟಿದರೆ ತಣ್ಣಗೆ.

ಕೇಳಿದ್ದಕ್ಕೆ ನಗುತ್ತಲೇ ಒಪ್ಪಿಕೊಂಡರು. ಅವರ ರೂಮಿನ ಕೆಳಗೇ ಮೀನಂಗಡಿ. ಅಂಗಡಿಯವನು ಗೆಳೆಯ. ಆಟ ಮುಗಿಸಿ ಹೋದವರು ಅವನ ಐಸ್ ಡಬ್ಬಿಯಲ್ಲಿ ಬಂಗಡೆಗಳ ನಡುವೆ ಕಾಲಿಟ್ಟುಕೊಂಡು ಕೂತಿದ್ದಾರೆ. ಬೆಳಿಗ್ಗೆ ಎದ್ದವರೇ ಇನ್ನೊಂದು ಸಲ. ನಾನು ಕೂಡದು ಅಂದಿದ್ದೆನಲ್ಲ ಎಂದು ಹರಿಹಾಯ್ದೆ. ನನ್ನ ಕಣ್ಣಿಗೇ ಮಣ್ಣೆರಚುತ್ತೀರಾ ಎಂದೂ ಅಂದೆ. ಅವರು ಸ್ವಲ್ಪವೂ ನಾಚಲಿಲ್ಲ.

"ಇಪ್ಪತ್ತು ವರ್ಷದಿಂದ ಆಟ ಮುಗಿದ್ರೆ ಐಸು ಮೇಡಂ. ಹಲ್ಲುಜ್ಜಿದ ಹಾಗೆ. ಬೇಡ ಅಂದ್ರೂ ಕಾಲು ತಾನೇ ಹೋಗಿ ಡಬ್ಬೀಲಿ ಕೂತ್ಕೊಳತ್ತೆ."

ಬೈದು ಕಳಿಸಿದೆ. ಅವರು ಹೋದ ಮೇಲೆ ನನಗೆ ಗೊಂದಲ ಶುರುವಾಯಿತು. ಲೀಗಿನಲ್ಲಿ ಆಡಿದರೆ ಇವರು ಐಸು ಇಡುತ್ತಾರೆ. ಎಲ್ಲರೂ ಇಡುತ್ತಾರೆ, ನಾನೇ ಎಷ್ಟೋ ಹುಡುಗರಿಗೆ ಇಟ್ಟಿದ್ದೇನೆ. ಹಾಗಾದರೆ ಐಸಿಲ್ಲದ ಮಂಡಿಯನ್ನು ಅಳೆಯುವ ನನ್ನ ಪರೀಕ್ಷೆ ಯಾವ ಆಟದ್ದು? ಇದು ಮೋಸವೋ, ಅಥವಾ ಕೆಟ್ಟ ಮಂಡಿಯನ್ನು ಇಷ್ಟು ವರ್ಷ ಸಾಕಿಕೊಂಡು ಬಂದವನ ಜಾಣತನವೋ? ಮಧ್ಯಾಹ್ನವೆಲ್ಲ ಬೇರೆ ರೋಗಿಗಳ ಭುಜ ಹಿಡಿದು ಇದೇ ಯೋಚಿಸಿದೆ. ಒಬ್ಬ ಹೆಂಗಸಿಗೆ ಎಡಭುಜದ ಬದಲು ಬಲಭುಜಕ್ಕೆ ಕರೆಂಟು ಕೊಡಲು ಹೊರಟು ಬೈಸಿಕೊಂಡೆ.

ಗುರುವಾರ ಮತ್ತೆ ಆಡಿಸಿದೆವು, ಈ ಸಲ ಬೆಳಿಗ್ಗೆ. ಆಟ ಮುಗಿದದ್ದೇ ಅವರನ್ನು ನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕ್ಲಿನಿಕ್ಕಿಗೆ ತಂದೆ. ಸಂಜೆಯವರೆಗೆ ನನ್ನ ಕಣ್ಣೆದುರೇ ಇರಬೇಕು, ಗೋದಾಮಿಗೆ ರಜೆ ಹಾಕಿ ಎಂದೆ. ಬಾಯಿಮುಚ್ಚಿಕೊಂಡು ರೋಗಿಗಳ ಬೆಂಚಿನ ಮೇಲೆ ಕೂತರು. ಪಕ್ಕದಲ್ಲಿದ್ದ ಮಗ್ಗದ ಹೆಂಗಸೊಬ್ಬರು ಏನು ಕೆಲಸ ಎಂದು ವಿಚಾರಿಸಿದರು. ಚೆಂಡಾಟ ಎಂದದ್ದಕ್ಕೆ ಅವರ ನರೆಯನ್ನೂ ಕಾಲನ್ನೂ ನೋಡಿ, ಮನೆಯವರು ಏನೂ ಅನ್ನೋದಿಲ್ವೇ ಎಂದು ಕೇಳಿದರು. ಸ್ಟ್ರೈಕರ್ ಮನಸಾರೆ ನಕ್ಕರು. ಊಟದ ಹೊತ್ತಿಗೆ ಹೆಂಗಸರೆಲ್ಲ ಒಳಗಿನ ಕೋಣೆಯ ನೆಲದ ಮೇಲೆ ಡಬ್ಬಿ ಬಿಚ್ಚಿಕೊಂಡು ಕೂತು ಅವರನ್ನೂ ಕರೆದರು. ಅವರು ತಟ್ಟೆ ಹಿಡಿದು ಕಿಟಕಿಗೆ ಒರಗಿ ನಿಂತೇ ಉಂಡರು. ಕೂತುಕೊಳ್ಳಿ ಎಂದು ಎಷ್ಟು ಒತ್ತಾಯ ಮಾಡಿದರೂ, ನಿಂತು ಉಣ್ಣೋದೇ ಅಭ್ಯಾಸ ಎಂದರು.

ಸಂಜೆ ಅಳೆದರೆ ಮಂಡಿ ಚೆನ್ನಾಗಿ ಊದಿತ್ತು. ಚಿಪ್ಪನ್ನು ಒತ್ತಿದರೆ ಕೆಳಗೆ ನೀರು ತುಳುಕುವುದು ಬೆರಳಿಗೇ ತಿಳಿಯುತ್ತಿತ್ತು. ನೋವಿದೆಯಾ ಅಂದೆ. ಸೂಪರ್ ಅಂದರು. ಆದರೆ ಇನ್ನು ಅವರು ಏನಂದರೂ ಅಷ್ಟೇ, ಮಂಡಿ ಉತ್ತರ ಕೊಟ್ಟಾಗಿತ್ತು. ಬೇಡ ಎಂದು ಹೇಳುವುದೆಂದು ತೀರ್ಮಾನಿಸಿ ಆ ದಿನ ನೆಮ್ಮದಿಯಾಗಿ ಮಲಗಿದೆ.

ಆ ನೆಮ್ಮದಿ ಶುಕ್ರವಾರ ಮಧ್ಯಾಹ್ನದವರೆಗೂ ಉಳಿಯಲಿಲ್ಲ. ನಮ್ಮ ತಂಡದ ಖಾಯಂ ಸ್ಟ್ರೈಕರ್, ಬೂದಿಗೆರೆ ಕಡೆಯ ಯುವಕ, ಪಾದದ ಕೀಲು ಉಳುಕಿಸಿಕೊಂಡು ಬಂದ. ಬಲಗಾಲು. ಪಟ್ಟಿ ಸುತ್ತುವಾಗ ಹಿಂದಿನ ವಾರ ಸುತ್ತಿದ್ದೂ ಬಲಗಾಲಿಗೇ ಎಂಬುದು ನೆನಪಾಯಿತು, ಅದು ಬೇರೊಬ್ಬನದು. ಅದರ ಹಿಂದಿನವನದ್ದೂ ಬಲ. ಯೋಚಿಸಿದಷ್ಟೂ ಬಲಗಾಲುಗಳೇ ಕಣ್ಣಮುಂದೆ ಬಂದವು. ಇಡೀ ಕ್ಲಬ್ಬು ಬಲಗಾಲು ಹಿಡಿದುಕೊಂಡೇ ನನ್ನ ಹತ್ತಿರ ಬಂದಿದೆ. ಬಲಗಾಲಿನಿಂದ ಒದೆಯುತ್ತಾರಲ್ಲ, ಅದಕ್ಕೇ ಎಂದು ನಾನು ಇದುವರೆಗೆ ಸುಮ್ಮನಿದ್ದೆ. ಆದರೆ ಈ ಬೂದಿಗೆರೆಯವನು ಎಡಗಾಲಿನವನು.

ಕ್ಲಿನಿಕ್ಕಿಗೆ ಬಾಗಿಲೆಳೆದು ಮೈದಾನಕ್ಕೆ ಹೋದೆ. ಕೋಚ್ ಅಲ್ಲೇ ಸುಣ್ಣದ ಗೆರೆ ಎಳೆಸುತ್ತಿದ್ದರು. ಮೈದಾನ ಪಕ್ಕಕ್ಕೆ ಇಳಿಜಾರಾಗಿದೆಯೇ ಎಂದೆ. ಇಳಿಜಾರು ಎಲ್ಲಿಂದ ಬಂತು, ನಾನು ಹುಟ್ಟಿದಾಗಿನಿಂದ ಇಲ್ಲೇ ಆಡ್ತಿರೋದು ಅಂದರು. ನಾನು ನಡುವೆ ಚೆಂಡಿಟ್ಟು ಮೆಲ್ಲಗೆ ಬಿಟ್ಟೆ. ಅದು ಒಂದು ಕ್ಷಣ ನಿಂತ ಹಾಗೆ ಮಾಡಿ, ಆಮೇಲೆ ನಿಧಾನವಾಗಿ ಏರಿಯ ಕಡೆಗೆ ಉರುಳತೊಡಗಿತು. ಇಬ್ಬರೂ ಅದು ಹೋಗಿ ಏರಿಯ ಕಲ್ಲಿಗೆ ತಾಗುವವರೆಗೂ ನೋಡುತ್ತ ನಿಂತೆವು.

"ಕೆರೆ ಅಂದ್ಮೇಲೆ ಏರಿ ಕಡೆ ತಗ್ಗೇ ಅಲ್ವಾ ಮೇಡಂ," ಎಂದರು ಕೋಚ್, ದಡ್ಡಿಗೆ ಹೇಳುವಂತೆ.

ತಗ್ಗಿದ್ದರೆ ಇರಲಿ. ಪಂದ್ಯದಲ್ಲಿ ಅರ್ಧ ಆಟವಾದ ಮೇಲೆ ದಿಕ್ಕು ಬದಲಾಗುತ್ತದೆ, ಎರಡೂ ಕಾಲಿಗೆ ಸಮ ಬೀಳುತ್ತದೆ. ಆದರೆ ನಮ್ಮವರು ಪ್ರಾಕ್ಟೀಸಿನಲ್ಲಿ ದಿಕ್ಕು ಬದಲಿಸುವುದೇ ಇಲ್ಲ. ಕಬ್ಬಿಣದ ಗೋಲು ಇರುವುದು ಒಂದೇ ತುದಿಯಲ್ಲಿ, ಇನ್ನೊಂದು ತುದಿಯಲ್ಲಿ ಎರಡು ಸೈಜುಗಲ್ಲು. ಮುಖ್ಯ ತಂಡ ಯಾವತ್ತೂ ಕಬ್ಬಿಣದ ಗೋಲಿಗೇ ಹೊಡೆಯಬೇಕು. ಅದು ಕ್ಲಬ್ಬು ಹುಟ್ಟಿದಾಗಿನ ಪದ್ಧತಿಯಂತೆ, ಒಂಥರಾ ಮರ್ಯಾದೆ. ಆ ಕಡೆ ಮುಖ ಮಾಡಿದರೆ ಏರಿ ಬಲಕ್ಕೆ. ಆಟವಿಡೀ ಬಲಗಾಲು ತಗ್ಗಿನಲ್ಲಿ, ಮೈಭಾರವೆಲ್ಲ ಅದರ ಮೇಲೆ.

ನನ್ನ ತೀರ್ಮಾನ ಅಲ್ಲೇ ಕೈಕೊಟ್ಟಿತು. ಲೀಗಿನ ಪಂದ್ಯ ನಡೆಯುವುದು ಬೆಂಗಳೂರಿನ ಸಮತಟ್ಟು ಟರ್ಫಿನ ಮೇಲೆ. ಸ್ಟ್ರೈಕರ್‌ನ ಮಂಡಿ ಊದಿದ್ದು ಅದು ಸವೆದದ್ದಕ್ಕೋ, ನಮ್ಮ ಕೆರೆಯ ಓರೆಗೋ? ಸಮ ನೆಲದಲ್ಲಾದರೆ ಊದುತ್ತಿರಲಿಲ್ಲವೇನೋ. ಊದುತ್ತಲೂ ಇತ್ತೇನೋ. ಮೊದಲ ಪರೀಕ್ಷೆಯನ್ನು ಬಂಗಡೆ ಕೆಡಿಸಿತ್ತು, ಎರಡನೆಯದನ್ನು ಏರಿ. ಊದಿದ ಮಂಡಿಯನ್ನು ಮೂರನೆಯ ಸಲ ಆಡಿಸುವ ಹಾಗಿಲ್ಲ, ಆಡಿಸಿದರೂ ಶನಿವಾರದೊಳಗೆ ಉತ್ತರ ಬರುವುದಿಲ್ಲ. ತಲೆಬುಡ ತಿಳಿಯದೆ ಆ ಬಿಸಿಲಲ್ಲಿ ನಿಂತಿದ್ದೆ. ಅಳು ಬರುವಷ್ಟು ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ ಕಾರ್ಯದರ್ಶಿಯವರ ಪವರ್‌ಲೂಮ್ ಶೆಡ್ಡಿನಲ್ಲಿ ಸೇರಿದೆವು. ಮಗ್ಗ ನಿಲ್ಲಿಸಲು ಅವರು ಒಪ್ಪಲಿಲ್ಲ, ಹಾಗಾಗಿ ಎಲ್ಲರೂ ಕಿರುಚಿಯೇ ಮಾತಾಡಬೇಕಾಯಿತು. ನಾನು ಎರಡೂ ಪರೀಕ್ಷೆಯ ಕಥೆ ಹೇಳಿ, ಆಗಬಹುದು, ಆಗದೆಯೂ ಇರಬಹುದು ಎಂದೆ. ಅಡ್ಡಗೋಡೆ ಮೇಲೆ ದೀಪ ಇಡಬೇಡಿ ಮೇಡಂ ಎಂದು ಕಾರ್ಯದರ್ಶಿ ಕಿರುಚಿದರು. ಕೋಚ್ ಅದನ್ನು ಆಗುವುದಿಲ್ಲ ಎಂದೇ ಅರ್ಥಮಾಡಿಕೊಂಡು ಚಪ್ಪಲಿ ಹಾಕಿಕೊಳ್ಳತೊಡಗಿದರು. ಸ್ಟ್ರೈಕರ್ ಒಂದು ಮೂಲೆಯಲ್ಲಿ ನೂಲಿನ ಮೂಟೆಗೆ ಒರಗಿ, ನಮ್ಮಲ್ಲಿ ಯಾರ ಬಾಯಿ ಅಲ್ಲಾಡಿದರೆ ಅವರನ್ನು ನೋಡುತ್ತಿದ್ದರು. ಅವರನ್ನು ಹೊರಗೆ ಕರೆದೆ.

ಹೊರಗೆ ಮಾತು ಕೇಳುತ್ತಿತ್ತು. ಮಂಡಿಯನ್ನು ಕೇಳಿ ಕೇಳಿ ಸಾಕಾಗಿತ್ತು, ಈ ಸಲ ಮನುಷ್ಯನನ್ನೇ ಕೇಳಿದೆ. ನೆಲದ ಮೇಲೆ ಕೂರಲು ಆಗುತ್ತದೆಯೇ ಎಂದೆ. ಕೂತು ನಾಲ್ಕು ವರ್ಷವಾಯಿತು ಅಂದರು. ಆಡಿದರೆ ಏನಾಗಬಹುದು ಎಂಬುದನ್ನು ಮುಚ್ಚುಮರೆ ಇಲ್ಲದೆ ಹೇಳಿದೆ. ಗೋದಾಮಿನ ಕೆಲಸ ಹೋಗಬಹುದು, ಕೋಲು ಹಿಡಿಯಬೇಕಾಗಬಹುದು ಎಂದೆ. ಗೊತ್ತು ಮೇಡಂ ಅಂದರು. ನಾನು ಬೇಡ ಅಂದರೆ ಏನು ಮಾಡುತ್ತೀರಿ ಎಂದೆ.

"ಹೊಸಕೋಟೆ ಹತ್ರ ಲೀಗಿಗೆ ಸೇರದ ಒಂದು ಟೀಮ್ ಇದೆ. ಬಸ್ಸು ಹತ್ತಿ ಅಲ್ಲಿಗೆ ಹೋಗ್ತೀನಿ. ಅಲ್ಲಿ ಯಾರೂ ಟೇಪ್ ಹಿಡಿಯಲ್ಲ."

ಬೆದರಿಕೆಯಲ್ಲ ಅದು. ನಾಳೆ ಕೆಲಸಕ್ಕೆ ಹೋಗ್ತೀನಿ ಅನ್ನುವ ದನಿ. ಅಲ್ಲಿಯೂ ಬೇಡ ಅಂದರೆ ಇನ್ನೊಂದು ಕಡೆ ಹೋಗುತ್ತಾರೆ, ಎಲ್ಲಾದರೂ ಒಂದು ಕಡೆ ಯಾರಾದರೂ ಪೂರ್ತಿ ಆಟ ಆಡಿಸಿ ಆ ಮಂಡಿಯನ್ನು ಮುಗಿಸುತ್ತಾರೆ. ಹಾಗಾದರೆ ನನ್ನ ಕಣ್ಣೆದುರೇ ಆಗಲಿ. ಇದು ಸರಿಯಾದ ಯೋಚನೆಯೇ ಎಂದು ಆಗಲೂ ಗೊತ್ತಿರಲಿಲ್ಲ. ಒಳಗೆ ಹೋಗಿ, ಹೌದು ಎಂದು ಕಿರುಚಿದೆ. ಪಂದ್ಯದ ಕೊನೆಯ ಭಾಗದಲ್ಲಿ ಮಾತ್ರ ಇಳಿಸಬೇಕು, ಕೆರೆಯಲ್ಲಿ ಅಭ್ಯಾಸ ಕೂಡದು, ನಾನು ಗೆರೆಯ ಪಕ್ಕ ನಿಂತು ಕೈ ಎತ್ತಿದ ಕೂಡಲೇ ಹೊರಗೆ ಕರೆಯಬೇಕು. ಕಾರ್ಯದರ್ಶಿ ಎಲ್ಲಕ್ಕೂ ಕೈಮುಗಿದು ನೋಂದಣಿಗೆ ಓಡಿದರು. ಅಭ್ಯಾಸಕ್ಕೆ ಬಾರದವನು ಆಟಗಾರನೇ ಅಲ್ಲ ಎಂದು ಕೋಚ್ ನನ್ನ ಮೇಲೆ ಮುನಿಸಿಕೊಂಡರು.

ಭಾನುವಾರ ನಮ್ಮವರು ಒಂದು ಗೋಲು ಹಿಂದಿದ್ದಾಗ ಅವರನ್ನು ಇಳಿಸಿದರು. ಆ ಪಂದ್ಯ ಹೇಗಿತ್ತು ಎಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ನಾನು ನೋಡಿದ್ದು ಮಂಡಿಯನ್ನು. ತಿರುಗುವಾಗ ಒಳಕ್ಕೆ ಬೀಳುತ್ತಿದೆಯೇ, ನಿಲ್ಲುವಾಗ ಮಡಚುತ್ತಿದೆಯೇ, ಇದೇ. ಇದ್ದಕ್ಕಿದ್ದಂತೆ ಸುತ್ತಲೂ ಕೂಗು ಎದ್ದಿತು, ಕಾರ್ಯದರ್ಶಿ ನನ್ನ ಹೆಗಲು ಹಿಡಿದು ಅಲ್ಲಾಡಿಸಿದರು. ಏನಾಯ್ತು ಎಂದು ಕೇಳಿದೆ. ಗೋಲು ಮೇಡಂ ಎಂದು ನನ್ನನ್ನು ಹುಚ್ಚಿಯ ಹಾಗೆ ನೋಡಿದರು. ನಮ್ಮ ಸ್ಟ್ರೈಕರ್ ತಿರುಗದೆಯೇ ಹಿಮ್ಮಡಿಯಲ್ಲಿ ಚೆಂಡು ಬಿಟ್ಟುಕೊಟ್ಟರಂತೆ, ಪಟ್ಟಿ ಸುತ್ತಿಕೊಂಡಿದ್ದ ಬೂದಿಗೆರೆಯವನು ಒಳಗೆ ತಳ್ಳಿದನಂತೆ. ಎಲ್ಲರೂ ಅದರ ಮಾತನ್ನು ಇವತ್ತಿಗೂ ಆಡುತ್ತಾರೆ. ನಾನು ಕಂಡದ್ದು ಮಾತ್ರ, ಆ ಹಿಮ್ಮಡಿ ಕೆಳಗಿಳಿದಾಗ ಬಲಗಾಲು ಊರಲಾರದೆ ತಡವರಿಸಿದ್ದು.

ಕೈ ಎತ್ತಿದೆ. ಕೋಚ್ ನೋಡಿದರು, ನೋಡಿ ಮುಖ ತಿರುಗಿಸಿದರು. ವಾರವಿಡೀ ಬೇಡ ಎಂದು ಕೂತಿದ್ದ ಮನುಷ್ಯ! ಹತ್ತಿರ ಹೋಗಿ ಮತ್ತೆ ಎತ್ತಿದೆ. ಐದೇ ನಿಮಿಷ ಮೇಡಂ, ಇನ್ನೊಂದು ಬೀಳುತ್ತೆ ಎಂದು ಗೋಗರೆದರು. ನನ್ನ ಕೈ ಹಾಗೇ ಮೇಲಿತ್ತು. ಅಷ್ಟರಲ್ಲಿ ಮೈದಾನದ ನಡುವಿನಿಂದ ಸ್ಟ್ರೈಕರ್ ನನ್ನ ಕಡೆ ನೋಡಿದರು. ಸ್ವಲ್ಪ ಹೊತ್ತು ನಿಂತರು. ಆಮೇಲೆ ರೆಫರಿಗೆ ಸನ್ನೆ ಮಾಡಿ, ಕೋಚ್‌ನ ಕೂಗನ್ನು ಲೆಕ್ಕಿಸದೆ ತಾವಾಗಿಯೇ ನಡೆದು ಹೊರಗೆ ಬಂದರು. ಪಂದ್ಯ ಸಮವಾಗಿ ಮುಗಿಯಿತು.

ಸೋಮವಾರ ಬೆಳಿಗ್ಗೆ ಕ್ಲಿನಿಕ್ ತೆರೆಯುವ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದರು. ಐಸು ಇಟ್ಟಿರಲಿಲ್ಲ, ಪ್ಯಾಂಟಿನ ಮೇಲಿಂದಲೇ ಊತ ಕಾಣುತ್ತಿತ್ತು. ನಾನು ಮುಂದಿನ ಭಾನುವಾರದ ಮಾತೆತ್ತುವ ಮೊದಲೇ, ಬರುವುದಿಲ್ಲ ಎಂದು ಕಾರ್ಯದರ್ಶಿಗೆ ಫೋನು ಮಾಡಿ ಹೇಳಿಯಾಯಿತು ಎಂದರು. ನನಗೆ ಏನೂ ಅರ್ಥವಾಗಲಿಲ್ಲ. ಇಷ್ಟೆಲ್ಲ ಒದ್ದಾಡಿದ್ದು ಯಾಕೆ, ನಾನು ಬೇಡ ಅಂದಿದ್ದರೆ ಈ ಊತವಾದರೂ ತಪ್ಪುತ್ತಿತ್ತಲ್ಲ ಎಂದು ರೇಗಿದೆ.

"ನೀವೂ ಬೇಡ ಅಂದಿದ್ರೆ ನಾನು ಇನ್ನೂ ಅಲೀತಿದ್ದೆ ಮೇಡಂ. ಬೇಡ ಅನ್ನಿಸ್ಕೊಂಡು ನಿಲ್ಲಿಸೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ. ನೀವು ಹೌದು ಅಂದ್ರಿ, ನಾನು ಆಡ್ದೆ. ನಿನ್ನೆ ನಾನೇ ಎದ್ದು ಬಂದೆ."

ಕೊನೆಯ ಪಂದ್ಯದಲ್ಲಿ ಅವರಿಲ್ಲದೆ ನಮ್ಮ ತಂಡ ಸೋತು ಕೆಳಗಿಳಿಯಿತು. ಒಂದು ಪಂದ್ಯಕ್ಕೆ ಮಾತ್ರ ಫಿಟ್ ಆಗುವ ಆಟಗಾರನನ್ನು ಯಾಕೆ ಫಿಟ್ ಅಂದಿರಿ ಎಂದು ಕಾರ್ಯದರ್ಶಿ ಈಗಲೂ ಕೇಳುತ್ತಾರೆ. ಅದೆಲ್ಲ ಆಮೇಲಿನ ಮಾತು. ಆ ಬೆಳಿಗ್ಗೆ ನಾನು ಅವರನ್ನು ಮೇಜಿನ ಮೇಲೆ ಕೂರಿಸಿ, ದಿನವೂ ಎಲ್ಲರನ್ನೂ ಕೇಳುವ ಹಾಗೆ ಎಲ್ಲಿ ನೋವು ಎಂದು ಕೇಳಿದೆ. ಕೇಳಿದ ಮೇಲೆ, ಉತ್ತರ ಸೂಪರ್ ಎಂದೇ ತಾನೇ ಅಂದುಕೊಂಡು ಟೇಪಿಗೆ ಕೈಹಾಕಿದೆ.

ಅವರು ನಗಲಿಲ್ಲ. ಬೆರಳನ್ನು ಮಂಡಿಯ ಮೇಲಿಟ್ಟರು, ಅಲ್ಲಿಂದ ತೊಡೆಗೆ ತಂದರು, ಸೊಂಟಕ್ಕೆ ತಂದರು, ಮತ್ತೆ ಕೆಳಗಿಳಿದು ಪಾದದವರೆಗೂ ಹೋದರು. ಆಮೇಲೆ ಕೈ ತೆಗೆದು ನನ್ನ ಮುಖ ನೋಡಿದರು.

"ಎಲ್ಲಿಂದ ಶುರು ಮಾಡ್ಲಿ ಮೇಡಂ?"